ಕೆಂಪು ಕಣ್ಣು ಮತ್ತು 18 ಗಂಟೆ

ಪ್ರಿಯ ಕಿರಿಯ ವೈದ್ಯೆಗೆ,

ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಬರುವ ಕೆಂಪು ಕಣ್ಣುಗಳಲ್ಲಿ ಬಹಳಷ್ಟು ‘ಮದ್ರಾಸ್ ಐ’ ಎನ್ನುವ ಅಂಟುಜಾಡ್ಯವೇ. ವೈರಸ್‌ನಿಂದ ಬಂದದ್ದು, ಒಂದೆರಡು ವಾರದಲ್ಲಿ ತಾನಾಗಿ ಇಳಿಯುವಂಥದ್ದು. ತಾನಾಗಿ ವಾಸಿಯಾಗುವ ಕಾಯಿಲೆಯೇ ನಮಗೆ ಕೆಟ್ಟ ಅಭ್ಯಾಸ ಕಲಿಸುವುದು: ಯಾವ ಹನಿ ಬರೆದರೂ ಗುಣವಾಗುತ್ತದೆ, ಹೆಸರು ಹನಿಗೆ ಹೋಗುತ್ತದೆ. ಬರಬರುತ್ತಾ ಕೆಂಪು ಕಂಡಲ್ಲೆಲ್ಲ ಆಂಟಿಬಯೋಟಿಕ್ ಜೊತೆ ಸ್ಟೀರಾಯ್ಡ್ ಬೆರೆತ ಸೀಸೆಯತ್ತ ಕೈ ಹೋಗುತ್ತದೆ. ಆ ಕೈಯನ್ನು ತಡೆಯಲೆಂದೇ ಈ ಪತ್ರ. ದೃಷ್ಟಿ ಅಳೆಯದೆ, ಕಾರ್ನಿಯಾ ನೋಡದೆ ಕಣ್ಣಿಗೆ ಔಷಧ ಬರೆಯಬೇಡ.

ಸುಗ್ಗಿಯಲ್ಲಿ ಭತ್ತದ ಹೊಟ್ಟೋ ಕಬ್ಬಿನ ಗರಿಯೋ ತಾಗಿ ಕಾರ್ನಿಯಾ ತರಚಿದರೆ ಫ್ಯುಸೇರಿಯಂ, ಆಸ್ಪರ್ಜಿಲಸ್‌ನಂಥ ಶಿಲೀಂಧ್ರಗಳು ಅಲ್ಲಿ ಸೇರಿಕೊಳ್ಳಬಹುದು. ದಕ್ಷಿಣ ಭಾರತದಲ್ಲಿ ಕಾರ್ನಿಯಾ ಹುಣ್ಣಿನ ದೊಡ್ಡ ಕಾರಣಗಳಲ್ಲಿ ಇದೂ ಒಂದು. ಇಂಥ ಕಣ್ಣಿಗೆ ಸ್ಟೀರಾಯ್ಡ್ ಬಿದ್ದರೆ ಕೆಂಪು ತಗ್ಗುತ್ತದೆ, ನೋವೂ ಇಳಿದಂತಿರುತ್ತದೆ. ಒಳಗೆ ಸೋಂಕು ಮಾತ್ರ ತಡೆಯಿಲ್ಲದೆ ಬೆಳೆಯುತ್ತದೆ. ಹರ್ಪಿಸ್ ಹುಣ್ಣಿನಲ್ಲೂ ಅಷ್ಟೇ. ಮದ್ರಾಸ್ ಐನಲ್ಲಿ ಗೀಜು ಒರೆಸಿದ ಮೇಲೆ ದೃಷ್ಟಿ ಸಾಮಾನ್ಯವಾಗಿ ಚೆನ್ನಾಗಿಯೇ ಇರುತ್ತದೆ. ದೃಷ್ಟಿ ಕುಂದಿದ್ದರೆ, ಬೆಳಕು ನೋಡಲಾಗದಷ್ಟು ನೋವಿದ್ದರೆ, ಕರಿಗುಡ್ಡೆಯ ಮೇಲೆ ಬಿಳಿ ಚುಕ್ಕೆ ಕಂಡರೆ ಅದು ಬೇರೆ ರೋಗ. ತಲೆನೋವು, ವಾಂತಿ ಎಂದು ಬಂದವರ ಒಂದು ಕಣ್ಣು ಕೆಂಪಗಿದ್ದು ಪಾಪೆ ಬೆಳಕಿಗೆ ಕುಗ್ಗದಿದ್ದರೆ ಪಿತ್ತದ ಮಾತ್ರೆ ಕೊಟ್ಟು ಕಳಿಸಬೇಡ. ಅದು ತೀವ್ರ ಗ್ಲಾಕೋಮಾ ಇರಬಹುದು, ಅಂದೇ ಕಣ್ಣಿನ ಆಸ್ಪತ್ರೆಗೆ ಹೋಗಬೇಕು.

‘ಸ್ಲಿಟ್ ಲ್ಯಾಂಪ್ ಇಲ್ಲದೆ ನಾನೇನು ಮಾಡಲಿ, ಕಣ್ಣು ತಜ್ಞರ ಕೆಲಸವಲ್ಲವೇ’ ಎನ್ನಬಹುದು. 6 ಮೀಟರ್ ದೂರಕ್ಕೊಂದು ಅಕ್ಷರಪಟವಿದ್ದರೆ ದೃಷ್ಟಿ ಅಳೆಯಬಹುದು; ಫ್ಲೋರೆಸಿನ್ ಪಟ್ಟಿ, ನೀಲಿ ಬೆಳಕಿನ ಟಾರ್ಚ್ ಇದ್ದರೆ ತರಚಿದ ಜಾಗ ಹಸಿರಾಗಿ ಹೊಳೆದು ಕಾಣುತ್ತದೆ. ತಜ್ಞರ ಕೆಲಸವೆಂಬ ಮಾತಿಗೆ ನೇಪಾಳದ ಭಕ್ತಪುರದಲ್ಲಿ ಉತ್ತರವಿದೆ. ಅಲ್ಲಿನ ಅಧ್ಯಯನ 2001ರಲ್ಲಿ ಪ್ರಕಟವಾಯಿತು. ಕಾರ್ನಿಯಾ ತರಚಿದ 442 ಜನರಿಗೆ ಹಳ್ಳಿಯ ಆರೋಗ್ಯ ಕಾರ್ಯಕರ್ತರು 1% ಕ್ಲೋರಾಂಫೆನಿಕಾಲ್ ಮುಲಾಮನ್ನು ದಿನಕ್ಕೆ ಮೂರು ಸಲದಂತೆ ಮೂರು ದಿನ ಹಚ್ಚಿಸಿದರು. ಗಾಯವಾದ 18 ಗಂಟೆಯೊಳಗೆ ಶುರುಮಾಡಿದವರಲ್ಲಿ ಒಬ್ಬರಿಗೂ ಹುಣ್ಣಾಗಲಿಲ್ಲ. ಒಂದು ದಿನ ಕಳೆದು ಬಂದವರಲ್ಲಿ ಕಾಲುಭಾಗಕ್ಕೂ ಹೆಚ್ಚು ಜನರಿಗೆ ಆಯಿತು. ಆ 18 ಗಂಟೆ ಜಿಲ್ಲಾ ಆಸ್ಪತ್ರೆಯ ತಜ್ಞರ ಕೈಗೆ ಸಿಗುವುದು ಅಪರೂಪ, ನಿನ್ನ ಕೈಗೆ ಸಿಗುತ್ತದೆ. ಆದರೆ ಈ ಮುಲಾಮು ಬರೀ ತರಚುಗಾಯಕ್ಕೆ. ಬಿಳಿ ಚುಕ್ಕೆ ಮೂಡಿದ ಮೇಲೆ ಮುಲಾಮು ಹಚ್ಚಿ ಕಾಯುವಂತಿಲ್ಲ, ಪಟ್ಟಿ ಕಟ್ಟುವಂತೆಯೂ ಇಲ್ಲ.

ಇನ್ನು ‘ಈ ಜನಜಂಗುಳಿಯಲ್ಲಿ ಇದಕ್ಕೆಲ್ಲ ಸಮಯವೆಲ್ಲಿ’ ಎಂಬ ಮಾತು. ಅಕ್ಷರ ಓದಿಸುವ ಕೆಲಸವನ್ನು ನರ್ಸ್ ಸಾಲಿನಲ್ಲೇ ಮುಗಿಸಬಹುದು. ಬೇಗ ಗುಣವಾಗದಿದ್ದರೆ ರೋಗಿ ಮೆಡಿಕಲ್ ಶಾಪ್‌ಗೆ ಹೋಗಿ ಅದೇ ಸ್ಟೀರಾಯ್ಡ್ ಕೊಳ್ಳುತ್ತಾನೆ ಎಂಬುದು ಇದಕ್ಕಿಂತ ಗಟ್ಟಿಯಾದ ಆಕ್ಷೇಪ, ನಿಜವೂ ಹೌದು. ಅದನ್ನು ಪೂರ್ತಿ ತಡೆಯಲು ನಿನ್ನಿಂದಾಗದು. ಹಾಗೆಂದು ಅದೇ ಚೀಟಿಯನ್ನು ನಾವೇ ಬರೆದರೆ ಅಂಗಡಿಯವನಿಗೂ ಮುಂದಿನ ರೋಗಿಗೂ ಅದೇ ಪಾಠವಾಗುತ್ತದೆ. ಮುಲಾಮು, ಫ್ಲೋರೆಸಿನ್ ಪಟ್ಟಿಗಳಿಗೆ ಸುಗ್ಗಿಗೆ ಮೊದಲೇ ಇಂಡೆಂಟ್ ಹಾಕು. ಹೊಲದಲ್ಲಿ ಕಣ್ಣಿಗೆ ಪೆಟ್ಟಾದವರು ಎದೆಹಾಲು, ಸೊಪ್ಪಿನ ರಸ ಹಾಕದೆ ಅಂದೇ ಬರಬೇಕೆಂದು ಆಶಾ ಕಾರ್ಯಕರ್ತೆಯರಿಂದ ಊರಿಗೆ ಹೇಳಿಸು.

ಇಂತಿ,
ನಿನ್ನ ಹಿತೈಷಿ