ಹೊಳೆಯ ಬಿಳಿಮೀನು, ಕೆರೆಯ ಕೊರಮೀನು

ಶ್ರೀರಂಗಪಟ್ಟಣದ ಕಾವೇರಿಯ ಬಿಳಿಮೀನಿಗೂ ನಮ್ಮ ನಾಗಮಂಗಲದ ಕೆರೆಗಳ ಕೊರಮೀನಿಗೂ ಸ್ವಭಾವದಲ್ಲಿ ಬಹಳ ಅಂತರವುಂಟು. ಬಿಳಿಮೀನು ಬಂಡೆಗಳ ನಡುವೆ ಹರಿಯುವ ನೀರನ್ನೇ ಬಯಸುತ್ತದೆ. ರಾಗಿಮುದ್ದೆಯ ಉಂಡೆಗೆ ಬೀಳುತ್ತದೆ. ಕೊರಮೀನಾದರೋ ಮೇಲಕ್ಕೆ ಬಂದು ಗಾಳಿಯನ್ನೇ ಉಸಿರಾಡುವುದರಿಂದ ಬೇಸಗೆಯ ಕೆಸರಿನಲ್ಲೂ ಬದುಕಬಲ್ಲದು. ಅದು ಬೇಟೆಗಾರ, ಮುದ್ದೆಗೆ ಒಲಿಯದು. ಜೊಂಡಿನ ಅಂಚಿನಲ್ಲಿ ಗಾಳಕ್ಕೆ ಕಪ್ಪೆ ಸಿಕ್ಕಿಸಿ ಕಾಯಬೇಕೆಂದು ಅಕ್ಷರವರಿಯದ ನಮ್ಮ ತಂದೆಯವರೇ ನನಗೆ ಕಲಿಸಿದ್ದು.

ಕೊರಮೀನು ತನ್ನ ಕೆಂಪು ಮರಿಗಳನ್ನು ಕಾಯುತ್ತದೆ. ಮರಿಗಳ ಗುಂಪು ಕಂಡಲ್ಲಿಯೇ ಗಾಳ ಹಾಕುವವರುಂಟು. ಜಾಣತನವೇನೋ ಹೌದು, ಆದರೆ ನನಗೆ ಒಪ್ಪಿಗೆಯಿಲ್ಲ. ಕಾವಲು ತಪ್ಪಿದ ಮರಿಗಳು ಬೇರೆ ಮೀನುಗಳ ಪಾಲಾಗುತ್ತವೆ.

ಬಿಳಿಮೀನಿಗೆ ಇಂಥ ಕಾವಲೇ ಇಲ್ಲ. ಮಳೆಗಾಲದಲ್ಲಿ ಪ್ರವಾಹಕ್ಕೆದುರಾಗಿ ಈಜಿ ಮೊಟ್ಟೆಯಿಡುವ ಅದಕ್ಕೆ ಅಣೆಕಟ್ಟುಗಳು ಅಡ್ಡವಾಗಿವೆ. ಕಾವೇರಿಯ ಡುಬ್ಬದ ಬಿಳಿಮೀನು 2018ರಲ್ಲಿ ತೀವ್ರ ಅಳಿವಿನಂಚಿನ ಜೀವಿಗಳ ಅಂತರರಾಷ್ಟ್ರೀಯ ಪಟ್ಟಿಗೆ ಸೇರಿತು. ಸಿಕ್ಕಿದರೆ ಹೊಳೆಗೇ ಬಿಟ್ಟುಬಿಡಿರೆಂದು ನಮ್ಮೂರ ಗಾಳಗಾರರಿಗೆ ಹೇಳುತ್ತಿದ್ದೇನೆ.