ಪಂಜರಕ್ಕಿಂತ ಮೊದಲು ಪತ್ರ

ಮಗಾ, ಬೆಂಗಳೂರಿನ ಅಂಗಡಿಯಲ್ಲಿ ಮಾತಾಡೋ ಬೂದು ಗಿಣಿ ನೋಡಿ ಬಂದೆಯಂತೆ. ಮುಂಗಡ ಕೊಡೋ ಮುಂಚೆ ಈ ತಾತನ ಮಾತು ಒಂದಿಷ್ಟು ಕೇಳು.

ಹೊಸೂರು ಹತ್ತಿರದ ನಮ್ಮ ಸಾನಮಾವಿನಲ್ಲಿ ಕಾಡುಪ್ರಾಣಿ ಅಂದರೆ ಆನೆ. ರಾಗಿ ತೆನೆ ಬಲಿಯೋ ಹೊತ್ತಿಗೆ ಹಿಂಡು ಬಂದು ಬೀಡುಬಿಟ್ಟರೆ, ರಾತ್ರಿಯೆಲ್ಲ ಹೊಲ ಕಾಯೋದೇ ನಮ್ಮ ಪಾಡು. ಬೆಳೆ ತುಳಿದರೂ ಆನೆ ಮೇಲೆ ಕೈಮಾಡಬಾರದು ಅಂತ ಎಲ್ಲರಿಗೂ ಗೊತ್ತು. ಆನೆಯನ್ನ ಕಾಯೋ 1972ರ ವನ್ಯಜೀವಿ ಕಾಯಿದೆಯೇ ಪಂಜರದ ಹಕ್ಕಿಗೂ ಅನ್ವಯಿಸುತ್ತೆ ಅನ್ನೋದು ಮಾತ್ರ ಎಷ್ಟೋ ಜನಕ್ಕೆ ಗೊತ್ತಿಲ್ಲ.

ಮರದ ಪೊಟರೆಯಿಂದ ಹಸಿರು ಗಿಣಿಮರಿ ತಂದು ಸಾಕಿದರೆ ಮೂರು ವರ್ಷದವರೆಗೆ ಜೈಲು, ಇಲ್ಲ ಒಂದು ಲಕ್ಷದವರೆಗೆ ದಂಡ, ಇಲ್ಲ ಎರಡೂ. ನಮ್ಮ ಕಾಲದಲ್ಲಿ ಜಗಲಿ ಜಗಲಿಯಲ್ಲೂ ಗಿಣಿ ತೂಗ್ತಿತ್ತು, ನಿಜ. ಈಗ ಆಗಲ್ಲ. ಅದೃಷ್ಟ ತರುತ್ತೆ ಅಂತ ಮಾರೋ ನಕ್ಷತ್ರ ಆಮೆ ಇನ್ನೂ ಕಷ್ಟ: ಮೂರರಿಂದ ಏಳು ವರ್ಷ. ಆಸ್ಟ್ರೇಲಿಯಾ ಮೂಲದ ಬಡ್ಜಿ, ಕಾಕಟೀಲ್‌ಗಳಿಗೆ ಈ ತಕರಾರಿಲ್ಲ.

ನಿನ್ನ ಬೂದು ಗಿಣಿ ಸಾಕಲೇಬಾರದ್ದು, ತಕರಾರಿಲ್ಲದ್ದು ಇವೆರಡರ ನಡುವಿನದು. ಆಫ್ರಿಕಾದ ಹಕ್ಕಿ, ಸೈಟಿಸ್ ಅನ್ನೋ ಅಂತರರಾಷ್ಟ್ರೀಯ ಒಪ್ಪಂದದ ಪಟ್ಟಿಯಲ್ಲಿದೆ. 2022ರ ತಿದ್ದುಪಡಿಯಲ್ಲಿ ಆ ಪಟ್ಟಿ ನಮ್ಮ ಕಾಯಿದೆಗೂ ಸೇರಿತು. 2024ರ ನಿಯಮದಂತೆ, ಕೈಗೆ ಬಂದ 30 ದಿನದೊಳಗೆ ಸರ್ಕಾರದ ಪರಿವೇಶ್ ಜಾಲತಾಣದಲ್ಲಿ ನೋಂದಾಯಿಸಬೇಕು. ಮರಿಯಾದರೂ, ಸತ್ತರೂ, ಬೇರೆಯವರಿಗೆ ಕೊಟ್ಟರೂ ತಿಳಿಸಬೇಕು. ಇಗುವಾನ, ಬಾಲ್ ಪೈಥಾನ್‌ಗೂ ಹೀಗೇ.

ಅಂಗಡಿಯವನು ‘ಬಿಲ್ ಕೊಡ್ತೀನಿ’ ಅಂದರೆ ಸಾಲದು. ಹೊಲ ಕೊಳ್ಳೋವಾಗ ಪಟ್ಟಾ, ಮೂಲಪತ್ರ ನೋಡ್ತೀವಲ್ಲ, ಹಾಗೆ ಕೇಳು: ಇದು ಎಲ್ಲಿ ಹುಟ್ಟಿತು, ಯಾರ ಹೆಸರಲ್ಲಿ ನೋಂದಣಿಯಾಗಿದೆ, ಹೊರಗಿಂದ ಬಂದಿದ್ದರೆ ಆಮದಿನ ಪರವಾನಗಿ ಎಲ್ಲಿ? 2023ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ ಬ್ಯಾಂಕಾಕ್‌ನಿಂದ ಬಂದ ಪೆಟ್ಟಿಗೆಗಳನ್ನ ಬಿಚ್ಚಿದಾಗ 72 ಹಾವು ಇದ್ದವು. ಜೊತೆಗೆ 6 ಮಂಗ, ಆ ಮಂಗಗಳೆಲ್ಲ ಸತ್ತಿದ್ದವು. ಪತ್ರ ಇಲ್ಲದ ಪ್ರಾಣಿ ಇಂಥ ಪೆಟ್ಟಿಗೆಯಲ್ಲೇ ಬಂದಿರಬಹುದು.

ಇನ್ನೊಂದು ಮಾತು. ಈ ಗಿಣಿ ನಲವತ್ತು ವರ್ಷ ದಾಟಿ ಬದುಕಬಲ್ಲದು. ನಾಳೆ ನೀನು ಕೆಲಸಕ್ಕೆ ಅಂತ ಊರು ಬಿಟ್ಟರೆ ನೋಡಿಕೊಳ್ಳೋರು ಯಾರು? ಬೇಜಾರಾಯ್ತು ಅಂತ ಕಾಡಿಗೆ ಬಿಡೋ ಹಾಗಿಲ್ಲ, ಅದು ಇಲ್ಲಿಯದಲ್ಲ.

ಬೇಡವೇ ಬೇಡ ಅನ್ನಲ್ಲ. ಹೊಸೂರಿನ ಅರಣ್ಯ ಕಚೇರಿಗೆ ಒಮ್ಮೆ ಹೋಗಿ ವಿಚಾರಿಸು. ಪತ್ರ ಸರಿಯಿದ್ದರೆ, ಬಸ್ಸಲ್ಲಿ ಪಂಜರ ತೊಡೆ ಮೇಲಿಟ್ಟುಕೊಂಡು ನಾನೇ ಜೊತೆಗೆ ಬರ್ತೀನಿ.