ಮೊಟ್ಟೆ ಕೋಳಿಗಳ ಈಲಿಯಲ್ಲಿ ಕೊಬ್ಬು ಸೇರುವುದೇಕೆ?

ತುಮಕೂರು ತಾಲ್ಲೂಕಿನ ಕೋರ ಹೋಬಳಿಯ ಸುತ್ತಮುತ್ತ ರಾಗಿ, ಮುಸುಕಿನ ಜೋಳ, ಕಡಲೆಕಾಯಿ ಹಿಂಡಿ ರೈತರ ಕೈಗೆ ಸಿಗುವ ಪದಾರ್ಥಗಳು. ಮೊಟ್ಟೆ ಹೆಚ್ಚಲೆಂದು ಇವನ್ನು ಸಮತೋಲನ ಆಹಾರದ ಮೇಲೆ ಹೆಚ್ಚುವರಿಯಾಗಿ ಹಾಕಿದರೆ ಲಾಭಕ್ಕೆ ಬದಲು ನಷ್ಟವೇ ಆಗಬಹುದು. ಇದಕ್ಕೆ ಕಾರಣ ಕೋಳಿಯ ಈಲಿ, ಅಂದರೆ ಪಿತ್ತಜನಕಾಂಗ, ಕೆಲಸ ಮಾಡುವ ರೀತಿ.

ಲಕ್ಷಣಗಳು

ಚೆನ್ನಾಗಿ ಮೊಟ್ಟೆಯಿಡುತ್ತಿದ್ದ, ಮೈತುಂಬಿದ ಕೋಳಿ ಇದ್ದಕ್ಕಿದ್ದಂತೆ ಸಾಯುತ್ತದೆ. ಜುಟ್ಟು ಬಿಳಿಚಿಕೊಂಡಿರುತ್ತದೆ. ಕೊಯ್ದು ನೋಡಿದರೆ ಈಲಿ ಊದಿ, ಹಳದಿಯಾಗಿ, ಮುಟ್ಟಿದರೆ ಪುಡಿಯಾಗುವಂತಿರುತ್ತದೆ. ಹೊಟ್ಟೆಯೊಳಗೆ ರಕ್ತ ಹೆಪ್ಪುಗಟ್ಟಿರುತ್ತದೆ. ಉಳಿದ ಕೋಳಿಗಳಲ್ಲಿ ಮೊಟ್ಟೆ ಇಳಿಯುತ್ತದೆ. ಇದು ಕೊಕ್ಕರೆ ರೋಗದಂತೆ ಅಂಟುರೋಗವಲ್ಲ, ಲಸಿಕೆಯಿಂದ ತಡೆಯಲಾಗದು.

ಕೊಬ್ಬು ಸೇರುವ ಬಗೆ

ಕೋಳಿಯ ದೇಹದಲ್ಲಿ ಕೊಬ್ಬು ಮುಖ್ಯವಾಗಿ ತಯಾರಾಗುವುದು ಈಲಿಯಲ್ಲಿ. ಮೊಟ್ಟೆಯಿಡುವ ಕಾಲಕ್ಕೆ ಈಸ್ಟ್ರೋಜನ್ ಎಂಬ ಚೋದಕ ರಸ ಈ ಕೆಲಸವನ್ನು ಹೆಚ್ಚಿಸುತ್ತದೆ. ಒಂದು ಮೊಟ್ಟೆಯ ಭಂಡಾರಕ್ಕೆ 5ರಿಂದ 6 ಗ್ರಾಂ ಕೊಬ್ಬು ಬೇಕು. ಕಾಳಿನ ಪಿಷ್ಟವನ್ನು ಈಲಿ ಕೊಬ್ಬನ್ನಾಗಿ ಮಾಡಿ, ಅದಕ್ಕೆ ಸಸಾರಜನಕ ಮತ್ತು ಲೆಸಿಥಿನ್ ಕೂಡಿಸಿ, ರಕ್ತದ ಮೂಲಕ ಅಂಡಾಶಯಕ್ಕೆ ಕಳುಹಿಸುತ್ತದೆ.

ತಯಾರಿಕೆ ಹೆಚ್ಚಾದರೂ, ಸಾಗಣೆ ಕಡಿಮೆಯಾದರೂ ಕೊಬ್ಬು ಈಲಿಯಲ್ಲೇ ಉಳಿಯುತ್ತದೆ. ಹೆಚ್ಚುವರಿ ಕಾಳು, ಪಂಜರದಲ್ಲಿ ಓಡಾಟವಿಲ್ಲದಿರುವುದು ಮತ್ತು ಬೇಸಿಗೆಯ ಸೆಕೆಯಲ್ಲಿ ಶಕ್ತಿಯ ಅಗತ್ಯ ತಗ್ಗುವುದು ಮೊದಲನೆಯದಕ್ಕೆ ಕಾರಣ. ಲೆಸಿಥಿನ್ ತಯಾರಿಕೆಗೆ ಬೇಕಾದ ಕೋಲಿನ್, ಮಿಥಿಯೋನಿನ್‌ಗಳ ಕೊರತೆ ಎರಡನೆಯದಕ್ಕೆ ಕಾರಣ. ಕೊಬ್ಬು ತುಂಬಿದ ಈಲಿಯ ರಕ್ತನಾಳಗಳು ದುರ್ಬಲವಾಗಿ, ಮೊಟ್ಟೆಯಿಡಲು ತಿಣುಕುವಾಗ ಒಡೆಯಬಹುದು.

ಬೂಷ್ಟಿನ ವಿಷ

ಬೂಷ್ಟು ಹಿಡಿದ ಕಡಲೆಕಾಯಿ ಹಿಂಡಿ, ಜೋಳಗಳಲ್ಲಿರುವ ಅಫ್ಲಾಟಾಕ್ಸಿನ್ ಈಲಿಯಲ್ಲಿ ಸಸಾರಜನಕದ ತಯಾರಿಕೆಯನ್ನೇ ತಡೆಯುತ್ತದೆ. ಆಗ ಕೊಬ್ಬು ಹೊರಹೋಗಲಾರದು. 1960ರಲ್ಲಿ ಇಂಗ್ಲೆಂಡಿನಲ್ಲಿ ಕಡಲೆಕಾಯಿ ಹಿಂಡಿ ತಿಂದ ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಸತ್ತ ನಂತರವೇ ಈ ವಿಷ ಪತ್ತೆಯಾಯಿತು. ಹಿಂಡಿಯನ್ನು ಬಿಸಿಲಿಗೆ ಒಣಗಿಸಿದರೆ ಅಥವಾ ಬೇಯಿಸಿದರೆ ವಿಷ ಪೂರ್ತಿ ಹೋಗುವುದಿಲ್ಲ.

ಹತೋಟಿ ಕ್ರಮಗಳು

1. ಸಮತೋಲನ ಆಹಾರದ ಮೇಲೆ ಬೇರೆ ಕಾಳು ಹಾಕಬಾರದು. ರಾಗಿ ಬಳಸುವುದಾದರೆ ಜೋಳದ ಭಾಗವನ್ನು ಕಡಿಮೆ ಮಾಡಿ, ತಜ್ಞರ ಲೆಕ್ಕದಂತೆ ಮಿಶ್ರಣ ಮಾಡಬೇಕು.

2. ಮೊಟ್ಟೆ ಕೋಳಿಗೆ ದಿನಕ್ಕೆ ಸುಮಾರು 110 ಗ್ರಾಂ ಆಹಾರ ಸಾಕು. ಹದಿನೈದು ದಿನಕ್ಕೊಮ್ಮೆ ಕೆಲವು ಕೋಳಿಗಳನ್ನು ತೂಗಿ, ತಳಿಯ ನಿಗದಿತ ತೂಕದೊಡನೆ ಹೋಲಿಸಬೇಕು.

3. ತೂಕ ಮೀರಿದ್ದರೆ ಆಹಾರವನ್ನು ಸ್ವಲ್ಪ ಸ್ವಲ್ಪವಾಗಿ ಇಳಿಸಬೇಕು. ಒಮ್ಮೆಲೆ ಇಳಿಸಿದರೆ ಮೊಟ್ಟೆ ನಿಲ್ಲುತ್ತದೆ.

4. ಕಾಳಿನ ತೇವಾಂಶ ಶೇಕಡ 12ನ್ನು ಮೀರದಂತೆ ಒಣಗಿಸಿ, ನೆಲಕ್ಕೆ ತಾಗದಂತೆ ಹಲಗೆಯ ಮೇಲೆ ದಾಸ್ತಾನು ಮಾಡಬೇಕು. ಬೂಷ್ಟು ಕಂಡ ಹಿಂಡಿಯನ್ನು ಬಳಸಲೇಬಾರದು.

5. ಕೋಲಿನ್, ಮಿಥಿಯೋನಿನ್ ಮತ್ತು 'ಇ' ಜೀವಸತ್ವವನ್ನು ಪಶುವೈದ್ಯರು ಹೇಳಿದ ಪ್ರಮಾಣದಲ್ಲಿ ಕೊಡಬೇಕು.

ಕೋಳಿಗಳು ಒಟ್ಟಿಗೆ ಹಲವು ಸತ್ತರೆ ತಾವೇ ಕೊಯ್ಯದೆ ಹತ್ತಿರದ ಪಶು ಆಸ್ಪತ್ರೆಗೆ ಕೂಡಲೇ ತಿಳಿಸಬೇಕು. ಕಾರಣ ಖಚಿತವಾಗುವ ಮೊದಲು ಔಷಧಿಗೆ ಹಣ ಸುರಿಯುವುದು ವ್ಯರ್ಥ.